ತಾಮ್ರದ ಅಲಾಯ್ ಪ್ಲೇಟ್ ಇಂಪೋರ್ಟ್: ಎಲ್ಲಕ್ಕೂ ಡ್ಯೂಟಿ 5% ಅಂದಮೇಲೆ ಎಚ್‌ಎಸ್ ಕೋಡ್ ಯಾವುದಾದರೇನು?

ಪೀಣ್ಯ_ಟೂಲ್‌ರೂಮ್
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಟೂಲ್ ರೂಮ್. ಪ್ಲಾಸ್ಟಿಕ್ ಮೋಲ್ಡ್, ವೆಲ್ಡಿಂಗ್ ಫಿಕ್ಸ್ಚರ್ ಕೆಲಸ. ಪ್ಲೇಟ್‌ಗಳನ್ನು ಇಲ್ಲಿಯವರೆಗೆ ಲೋಕಲ್ ಡೀಲರ್ ಹತ್ತಿರವೇ ತಗೊಳ್ಳುತ್ತಿದ್ದೆವು. ಅವರ ರೇಟ್ ಜಾಸ್ತಿ ಆಗಿದೆ, ಅದಕ್ಕೆ ಈ ಸಲ ನಾವೇ ತರಿಸೋಣ ಅಂತ ಹೊರಟಿದ್ದೇವೆ. ಪ್ರೊಫಾರ್ಮಾದಲ್ಲಿ (ಸಪ್ಲೈಯರ್ ಮುಂಚಿತವಾಗಿ ಕಳಿಸುವ ಬಿಲ್) ನಾಲ್ಕು ಐಟಂ ಇವೆ:

ಬೆರಿಲಿಯಮ್ ಕಾಪರ್ ಸಿ17200, 25 ಮಿ.ಮೀ ದಪ್ಪ, 300 ಅಗಲ (ಜಪಾನ್ ಮಾಲು)
ನಿಕಲ್ ಅಲ್ಯೂಮಿನಿಯಮ್ ಬ್ರಾಂಜ್ ಸಿ63000, 40 ದಪ್ಪ, 300 ಅಗಲ
ಕ್ರೋಮ್ ಜಿರ್ಕೋನಿಯಮ್ ಕಾಪರ್, 20 ದಪ್ಪ, 400 ಅಗಲ
ಹಿತ್ತಾಳೆ ಶೀಟ್, 2 ಮಿ.ಮೀ, ಕಾಯಿಲ್ (ಸುರುಳಿ) ಅಲ್ಲ, ಚಪ್ಪಟೆ ಶೀಟ್

ಕೊನೆಯ ಮೂರೂ ಜರ್ಮನಿಯಿಂದ. ನಮ್ಮ ಸಿಎಚ್‌ಎ (ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟ್) ಎಲ್ಲವನ್ನೂ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಮಾಲು ಗುರುತಿಸುವ ಅಂಕಿ) 7409 29 ಅಂತ ಹಾಕೋಣ ಅಂದರು. ಇನ್ನೊಬ್ಬರನ್ನು ಕೇಳಿದರೆ 7409 90 ಅಂದರು. ಯಾವುದಕ್ಕೆ ಹಾಕಿದರೂ ಡ್ಯೂಟಿ ಅಷ್ಟೇ ಅಂತ ಇಬ್ಬರೂ ಹೇಳುತ್ತಾರೆ. ಹಾಗಾದರೆ ತಲೆ ಕೆಡಿಸಿಕೊಳ್ಳಬೇಕಾ ಬೇಡವಾ?

ಲೆಕ್ಕದ_ಮೇಷ್ಟ್ರು
ಮೊದಲು ದುಡ್ಡಿನ ಲೆಕ್ಕ ನೋಡಿಬಿಡಿ. ಮಾಲಿನ ಬೆಲೆ, ಫ್ರೈಟ್, ಇನ್ಶೂರೆನ್ಸ್ ಎಲ್ಲ ಸೇರಿ 10,00,000 ರೂಪಾಯಿ ಅಂತ ಇಟ್ಟುಕೊಳ್ಳಿ. ಬೇಸಿಕ್ ಡ್ಯೂಟಿ 5%, ಅಂದರೆ 50,000. ಆ 50,000ದ ಮೇಲೆ 10% ಸೋಷಿಯಲ್ ವೆಲ್ಫೇರ್ ಸರ್ಚಾರ್ಜ್, 5,000. ಈಗ 10,55,000 ಆಯಿತು. ಅದರ ಮೇಲೆ 18% ಐಜಿಎಸ್‌ಟಿ, 1,89,900. ಒಟ್ಟು 2,44,900 ಕಟ್ಟಬೇಕು.

ಐಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ನಿಜವಾಗಿ ಕೈಬಿಡುವುದು 55,000. ನೀವು ಕಾಂಪೊಸಿಷನ್ ಸ್ಕೀಮ್‌ನಲ್ಲಿ (ಕ್ರೆಡಿಟ್ ಸಿಗದ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ವ್ಯವಸ್ಥೆ) ಇದ್ದರೆ ಮಾತ್ರ ಪೂರ್ತಿ 2.45 ಲಕ್ಷ ಹೋಯಿತು ಅಂತ ತಿಳಿಯಿರಿ.

ಶೀಟ್‌ಮೆಟಲ್_ಸೀನ
ಅಷ್ಟೇ ಅಲ್ವಾ? 5 ಅಂದರೆ 5. ಹಾಕಿ ಬಿಡಿ 7409 29. ಹತ್ತು ವರ್ಷದಿಂದ ನೋಡ್ತಾ ಇದ್ದೀನಿ, ಯಾರೂ ಕೇಳಲ್ಲ.

ವೈಟ್‌ಫೀಲ್ಡ್_ರಾಯರು
ಸೀನ ಅವರೇ, ಯಾರೂ ಕೇಳಲ್ಲ ಅನ್ನುವುದು ಕೇಳುವ ದಿನದವರೆಗೆ ಮಾತ್ರ ನಿಜ.

ನಾನು ಕ್ಲಿಯರಿಂಗ್ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡವನು, ಸ್ವಲ್ಪ ಉದ್ದ ಬರೀತೀನಿ. 7409 29 ಅಂದರೆ ಹಿತ್ತಾಳೆ, ಕಾಯಿಲ್ ಅಲ್ಲದ್ದು. ನಿಮ್ಮ ನಾಲ್ಕರಲ್ಲಿ ಅದಕ್ಕೆ ಸೇರುವುದು ಕೊನೆಯ ಶೀಟ್ ಒಂದೇ. ಬೆರಿಲಿಯಮ್ ಕಾಪರ್‌ನಲ್ಲಿ ಸತುವೇ ಇಲ್ಲ, ಅದನ್ನು ಹಿತ್ತಾಳೆ ಅಂತ ಬರೆದರೆ ಟೆಸ್ಟ್ ಸರ್ಟಿಫಿಕೇಟ್ ತೆಗೆದು ನೋಡಿದ ಯಾವ ಆಫೀಸರ್ ಆದರೂ ನಗುತ್ತಾರೆ.

7409 ಒಳಗೆ ಕೊನೆಯ ಎರಡು ಅಂಕಿ ಹೀಗಿದೆ. 11 ಮತ್ತು 19 ಶುದ್ಧ ತಾಮ್ರ. 21 ಮತ್ತು 29 ಹಿತ್ತಾಳೆ. 31 ಮತ್ತು 39 ಕಂಚು, ಅಂದರೆ ತವರ ಸೇರಿದ್ದು. 40 ಕುಪ್ರೊನಿಕಲ್ (ತಾಮ್ರ-ನಿಕಲ್ ಅಲಾಯ್) ಮತ್ತು ಜರ್ಮನ್ ಸಿಲ್ವರ್. 90 ಉಳಿದ ಎಲ್ಲ ಅಲಾಯ್. ಮೊದಲ ಮೂರು ಜೋಡಿಯಲ್ಲಿ ಮೊದಲನೆಯದು ಕಾಯಿಲ್, ಎರಡನೆಯದು ಕಾಯಿಲ್ ಅಲ್ಲದ್ದು. ದಪ್ಪ 0.15 ಮಿ.ಮೀ ದಾಟಿರಬೇಕು. ಅಷ್ಟು ಅಥವಾ ಅದಕ್ಕಿಂತ ತೆಳ್ಳಗಿದ್ದರೆ ಫಾಯಿಲ್, 7410ಕ್ಕೆ ಹೋಗುತ್ತದೆ.

ಪೀಣ್ಯ_ಟೂಲ್‌ರೂಮ್
ಹಾಗಾದರೆ ನಿಕಲ್ ಅಲ್ಯೂಮಿನಿಯಮ್ ಬ್ರಾಂಜ್ 7409 39 ಅಲ್ವಾ? ಹೆಸರಲ್ಲೇ ಬ್ರಾಂಜ್ ಇದೆ.

ಶೀಟ್‌ಮೆಟಲ್_ಸೀನ
ನಿಕಲ್ ಇದೆ, 40 ಇರಬೇಕು 😄

ಭದ್ರಾವತಿ_ಮೆಟಲರ್ಜಿ
ಎರಡೂ ಅಲ್ಲ. ಟ್ಯಾರಿಫ್‌ನಲ್ಲಿ, ಅಂದರೆ ಕಸ್ಟಮ್ಸ್ ದರಪಟ್ಟಿಯಲ್ಲಿ, ಕಂಚು ಅನ್ನಿಸಿಕೊಳ್ಳಬೇಕಾದರೆ ತಾಮ್ರ ಬಿಟ್ಟು ಉಳಿದ ಧಾತುಗಳಲ್ಲಿ ತವರವೇ ಹೆಚ್ಚಿರಬೇಕು. ಒಂದೇ ಒಂದು ವಿನಾಯಿತಿ ಇದೆ: ತವರ 3% ಅಥವಾ ಹೆಚ್ಚು ಇದ್ದರೆ ಸತು ಅದಕ್ಕಿಂತ ಜಾಸ್ತಿ ಇರಬಹುದು, ಆದರೆ 10% ಒಳಗೆ. ಸಿ63000ದಲ್ಲಿ ಅಲ್ಯೂಮಿನಿಯಮ್ 9ರಿಂದ 11%, ನಿಕಲ್ 4ರಿಂದ 5.5%, ಕಬ್ಬಿಣ 2ರಿಂದ 4%. ತವರ ಹೆಸರಿಗಷ್ಟೇ. ನಿಕಲ್‌ಗಿಂತ ಅಲ್ಯೂಮಿನಿಯಮ್ ಜಾಸ್ತಿ ಇರುವುದರಿಂದ ಕುಪ್ರೊನಿಕಲ್ ಸಾಲಿಗೂ ಬರುವುದಿಲ್ಲ. ಉಳಿದ ಅಲಾಯ್‌ಗಳ ಸಾಲು.

ಇದೇ ಥರ ಉಲ್ಟಾ ಕೇಸ್ ಕೂಡ ಇದೆ. ಮ್ಯಾಂಗನೀಸ್ ಬ್ರಾಂಜ್ ಅಂತ ಮಾರುತ್ತಾರಲ್ಲ, ಅದರಲ್ಲಿ ಸತುವೇ ಸುಮಾರು 40%. ಕಸ್ಟಮ್ಸ್ ಲೆಕ್ಕಕ್ಕೆ ಅದು ಹಿತ್ತಾಳೆ. ಇನ್‌ವಾಯ್ಸ್‌ನಲ್ಲಿ ಇರುವ ಮಾರ್ಕೆಟ್ ಹೆಸರು ನೋಡಿ ಕೋಡ್ ಹಾಕಬೇಡಿ, ಸರ್ಟಿಫಿಕೇಟ್‌ನ ಪರ್ಸೆಂಟ್ ಸಾಲು ನೋಡಿ.

ಇನ್ನೊಂದು, ಇದನ್ನು ತುಂಬ ಜನ ತಪ್ಪಿಸುತ್ತಾರೆ. ನಿಮ್ಮ ಕ್ರೋಮ್ ಜಿರ್ಕೋನಿಯಮ್ ಕಾಪರ್ ಕಸ್ಟಮ್ಸ್ ಪ್ರಕಾರ ಅಲಾಯ್ ಅಲ್ಲವೇ ಅಲ್ಲ!

ಪೀಣ್ಯ_ಟೂಲ್‌ರೂಮ್
ಸಾರ್, ಅದು ಹೇಗೆ? ಅಂಗಡಿಯಿಂದ ಸ್ಪಾಟ್ ವೆಲ್ಡಿಂಗ್ ಶಾಪ್‌ವರೆಗೆ ಎಲ್ಲರೂ ಅಲಾಯ್ ಅಂತಲೇ ಕರೀತಾರೆ.

ಭದ್ರಾವತಿ_ಮೆಟಲರ್ಜಿ
ಟ್ಯಾರಿಫ್‌ನ 74ನೇ ಅಧ್ಯಾಯದ (ತಾಮ್ರದ್ದು) ಮೊದಲ ನೋಟ್ ಓದಿ. ತಾಮ್ರ 99.85% ಇದ್ದರೆ ಶುದ್ಧ ತಾಮ್ರ. ಅಷ್ಟಿಲ್ಲದಿದ್ದರೂ ಕನಿಷ್ಠ 97.5% ಇದ್ದು, ಬೇರೆ ಧಾತುಗಳು ಒಂದು ಪಟ್ಟಿಯ ಮಿತಿಯೊಳಗೆ ಇದ್ದರೆ ಆಗಲೂ ಶುದ್ಧ ತಾಮ್ರವೇ. ಆ ಪಟ್ಟಿಯಲ್ಲಿ ಕ್ರೋಮಿಯಮ್‌ಗೆ 1.4% ತನಕ ಬಿಟ್ಟಿದ್ದಾರೆ, ಜಿರ್ಕೋನಿಯಮ್‌ಗೆ 0.3%. ಯುರೋಪಿನ ಗ್ರೇಡ್‌ನಲ್ಲಿ ಕ್ರೋಮ್ 0.5ರಿಂದ 1.2. ಎರಡೂ ಒಳಗೇ ಬಂತು. ಚಪ್ಪಟೆ ಪ್ಲೇಟ್ ಆದ್ದರಿಂದ 7409 19.

ಬೆರಿಲಿಯಮ್ ಆ ಪಟ್ಟಿಯಲ್ಲಿ 'ಇತರ ಧಾತು' ಸಾಲಿನಲ್ಲಿದೆ, ತಲಾ 0.3% ಮಿತಿ. ಸಿ17200ದಲ್ಲಿ ಬೆರಿಲಿಯಮ್ 1.8ರಿಂದ 2%. ಅಲ್ಲಿಗೆ ಅದು ಅಲಾಯ್, 7409 90.

ಹುಬ್ಬಳ್ಳಿ_ವಾಲ್ವ್ಸ್
ಅಡ್ಡ ಮಾತು ಅನ್ಕೋಬ್ಯಾಡ್ರಿ. ಆ 40 ಎಂಎಂ ದಪ್ಪದ್ದು ಪ್ಲೇಟ್ ಹೌದಾ ಮೊದಲು ನೋಡ್ರಿ.

ಪೀಣ್ಯ_ಟೂಲ್‌ರೂಮ್
ಪ್ಲೇಟ್ ಅಂತಲೇ ಕೋಟ್ ಮಾಡಿದ್ದಾರೆ ಅಣ್ಣ.

ಹುಬ್ಬಳ್ಳಿ_ವಾಲ್ವ್ಸ್
ಅವರು ಏನಂತಾರೆ ಅನ್ನೋದು ಬ್ಯಾರೆ. ನಿಯಮ ಏನಂತದ ಅಂದ್ರ, ಆಯತಾಕಾರದ ಮಾಲಿನ ದಪ್ಪ ಅದರ ಅಗಲದ ಹತ್ತನೇ ಒಂದು ಭಾಗ ದಾಟಬಾರದು. ದಾಟಿದರೆ ಅದು ಬಾರ್, 7407. ನಿಮ್ಮದು 300 ಅಗಲ. ಹತ್ತನೇ ಒಂದು ಭಾಗ ಅಂದ್ರ 30. ದಪ್ಪ 40. ಮುಗೀತಲ್ಲ, 7407 29. ಬೆರಿಲಿಯಮ್ದು 25 ದಪ್ಪ, 30ರ ಒಳಗ ಅದ, ಪ್ಲೇಟ್. ಕ್ರೋಮ್ದು 20 ದಪ್ಪ, 400 ಅಗಲ, ಅದೂ ಪ್ಲೇಟ್.

ಕಟ್ ಪೀಸ್ ತರಿಸೋರು ಇದನ್ನ ಪಕ್ಕಾ ನೋಡಬೇಕ್ರಿ. ಮಿಲ್‌ನಾಗ ಅದು ಮೀಟರ್ ಅಗಲದ ಪ್ಲೇಟೇ ಇರ್ತದ. ನಮಗ 80 ಎಂಎಂ ಪಟ್ಟಿ ಕಟ್ ಮಾಡಿ ಕಳಿಸ್ತಾರ. 12 ದಪ್ಪ, 80 ಅಗಲ ಆದ ಕೂಡಲೇ ಅದು ಬಾರ್.

ವೈಟ್‌ಫೀಲ್ಡ್_ರಾಯರು
ನೂರಕ್ಕೆ ನೂರು ಸರಿ. ಮೊದಲು ಈ ಅಳತೆ ನಿಯಮ ಅಧ್ಯಾಯದ ನೋಟ್‌ನಲ್ಲೇ ಇತ್ತು. 2022ರ ಎಚ್‌ಎಸ್ ಬದಲಾವಣೆಯಲ್ಲಿ 15ನೇ ವಿಭಾಗದ (ಎಲ್ಲ ಸಾಮಾನ್ಯ ಲೋಹಗಳದ್ದು) ನೋಟ್‌ಗೆ ಒಯ್ದರು. ಹಳೆ ಅಭ್ಯಾಸದಂತೆ ಅಧ್ಯಾಯದ ನೋಟ್‌ನಲ್ಲೇ ಹುಡುಕುವವರಿಗೆ ಈಗ ಸಿಗುವುದಿಲ್ಲ, ಗಮನಿಸಿ. ದುಂಡಗಿನ ಬ್ಲ್ಯಾಂಕ್‌ಗೆ ಈ ಹತ್ತನೇ ಭಾಗದ ಲೆಕ್ಕ ಇಲ್ಲ, ಬೇರೆ ವಸ್ತುವಿನ ಸ್ವರೂಪ ಬಾರದಿದ್ದರೆ 7409ರಲ್ಲೇ ಇರುತ್ತದೆ. ತೂತು ಹೊಡೆದರೂ, ಪಾಲಿಶ್ ಮಾಡಿದರೂ ಇದೇ ಮಾತು. ಆದರೆ ಡ್ರಾಯಿಂಗ್ ಪ್ರಕಾರ ಮಿಲ್ಲಿಂಗ್ ಮಾಡಿ ಮೋಲ್ಡ್‌ಗೆ ನೇರ ಕೂರಿಸುವ ಹಾಗೆ ತಂದರೆ ಅದು ಪ್ಲೇಟ್ ಅಲ್ಲ, 84ನೇ ಅಧ್ಯಾಯ (ಯಂತ್ರ, ಮೋಲ್ಡ್). ಅಲ್ಲಿಯ ದರವೂ ಬೇರೆ.

ಶೀಟ್‌ಮೆಟಲ್_ಸೀನ
ಸರಿ ಸ್ವಾಮಿ, ಒಪ್ಪಿದೆ. ನಾಲ್ಕು ಐಟಂಗೆ ನಾಲ್ಕು ಕೋಡ್. ಆದರೂ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. 7407ಕ್ಕೂ 5, 7409ಕ್ಕೂ 5. ಸರ್ಕಾರಕ್ಕೆ ಒಂದು ರೂಪಾಯಿ ನಷ್ಟ ಇಲ್ಲ. ಸುಮ್ನೆ ಹೆದರಿಸ್ತೀರಲ್ಲ?

ಕರಾವಳಿ_ಕಾರ್ಗೋ
ನಷ್ಟ ಎಲ್ಲಿಂದ ಅಂತ ನಾನು ಹೇಳುತ್ತೇನೆ. ಅವರ ಬೆರಿಲಿಯಮ್ ಮಾಲು ಜಪಾನ್‌ದು. ಜಪಾನ್ ಜೊತೆ 2011ರಿಂದ ಸೆಪಾ (ಡ್ಯೂಟಿ ರಿಯಾಯಿತಿ ಕೊಡುವ ವ್ಯಾಪಾರ ಒಪ್ಪಂದ) ಇದೆ. ರಿಯಾಯಿತಿ ದರ ಕೇಳುತ್ತಾರೆ ಅಂದುಕೊಳ್ಳಿ. ಜಪಾನ್ ಚೇಂಬರ್ ಕೊಡುವ ಸರ್ಟಿಫಿಕೇಟ್ ಆಫ್ ಒರಿಜಿನ್‌ನಲ್ಲಿ (ಮಾಲು ಯಾವ ದೇಶದ್ದು ಅನ್ನುವ ಪತ್ರ) ಆರು ಅಂಕಿಯ ಕೋಡ್ ಇರುತ್ತದೆ. ಅಲ್ಲಿಯವರು 7409.90 ಅಂತ ಬರೆದಿರುತ್ತಾರೆ. ಇಲ್ಲಿ ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಕೊಡುವ ಇಂಪೋರ್ಟ್ ಘೋಷಣೆ) 7409 29. ಎರಡು ಕಾಗದ ಎರಡು ಮಾತು ಹೇಳಿದರೆ ರಿಯಾಯಿತಿ ಅಲ್ಲೇ ನಿಂತಿತು. ಕ್ವೆರಿ, ಉತ್ತರ, ಮತ್ತೆ ಕ್ವೆರಿ. ಅಷ್ಟರಲ್ಲಿ ಕಂಟೇನರ್ ತಡವಾದ ಬಾಡಿಗೆ (ಡಿಟೆನ್ಷನ್) ಓಡುತ್ತಾ ಇರುತ್ತದೆ.

ನಮ್ಮ ಪರಿಚಯದವರೊಬ್ಬರಿಗೆ ಇನ್ನೂ ಕಷ್ಟ ಆಯಿತು. ಮಾಲು ಸಲೀಸಾಗಿ ಬಿಟ್ಟರು. ಖರ್ಚಾಗಿ, ಬಿಲ್ ಮಾಡಿ, ಮರೆತೂ ಆದ ಮೇಲೆ ಆಡಿಟ್ ಪತ್ರ ಬಂತು. ರಿಯಾಯಿತಿ ಪಡೆದ ಡ್ಯೂಟಿ, ಅದರ ಮೇಲೆ 15% ಬಡ್ಡಿ. ಗಿರಾಕಿ ಹತ್ತಿರ ಹೋಗಿ ಹಳೆ ಬಿಲ್‌ಗೆ ಈಗ ಜಾಸ್ತಿ ಕೊಡಿ ಅನ್ನಕ್ಕಾಗುತ್ತಾ?

ವೈಟ್‌ಫೀಲ್ಡ್_ರಾಯರು
ಅದಕ್ಕೆ ಕಾನೂನು ಸೇರಿಸುತ್ತೇನೆ. ಸಾಮಾನ್ಯ ಕೇಸ್‌ನಲ್ಲಿ 2 ವರ್ಷ ಹಿಂದಕ್ಕೆ ಹೋಗಿ ಕೇಳಬಹುದು. ಬೇಕಂತಲೇ ತಪ್ಪು ಹೇಳಿದ್ದೀರಿ ಅಂತ ಆದರೆ 5 ವರ್ಷ, ಜೊತೆಗೆ ದಂಡ. 'ಎಲ್ಲ ಒಂದೇ ದರ, ಯಾವುದೋ ಒಂದು ಹಾಕಿ' ಅಂತ ನಮ್ಮವರು ವಾಟ್ಸಾಪ್‌ನಲ್ಲಿ ಬರೆದಿದ್ದರೆ ಅದು ಬೇಕಂತ ಮಾಡಿದ್ದು ಅನ್ನಲು ಚೆನ್ನಾದ ಸಾಕ್ಷಿ.

2020ರ ಸೆಪ್ಟೆಂಬರ್ 21ರಿಂದ ಕಾರೋಟಾರ್ ನಿಯಮ (ಒಪ್ಪಂದದ ರಿಯಾಯಿತಿ ಕೇಳುವವರಿಗೆ ಒರಿಜಿನ್ ನಿಯಮ) ಬೇರೆ ಇದೆ. ಸರ್ಟಿಫಿಕೇಟ್ ಒಂದು ಇದ್ದರೆ ಸಾಲದು. ಆ ಮಾಲು ನಿಜವಾಗಿ ಆ ದೇಶದ್ದೇ ಅನ್ನುವ ವಿವರ ಇಂಪೋರ್ಟರ್ ಕೈಯಲ್ಲೇ ಇರಬೇಕು. ಎಲ್ಲಿ ಕರಗಿಸಿದರು, ಎಲ್ಲಿ ರೋಲ್ ಮಾಡಿದರು, ಯಾವ ಮಾನದಂಡದ ಮೇಲೆ ಒರಿಜಿನ್ ಸಿಕ್ಕಿತು, ಎಲ್ಲ. ಕೇಳಿದಾಗ 'ಸಪ್ಲೈಯರ್‌ಗೆ ಗೊತ್ತು' ಅಂದರೆ ನಡೆಯಲ್ಲ.

ದೇರಾ_ಕನ್ನಡಿಗ
ದುಬೈಯಿಂದ ಒಂದು ಮಾತು. ಇಲ್ಲಿ ಜೆಬೆಲ್ ಅಲಿ ಸ್ಟಾಕಿಸ್ಟ್‌ಗಳ ಹತ್ತಿರ ಜರ್ಮನ್, ಕೊರಿಯನ್ ಪ್ಲೇಟ್ ಬೇಕಾದಷ್ಟು ಸಿಗುತ್ತದೆ. 2022ರ ಮೇ 1ರಿಂದ ಯುಎಇ ಸೆಪಾ ಬಂದ ಮೇಲೆ 'ದುಬೈನಿಂದ ಬಂದರೆ ಡ್ಯೂಟಿ ಇಲ್ಲ' ಅಂತ ಊರಿನಿಂದ ಫೋನ್ ಮಾಡುವವರು ಜಾಸ್ತಿ ಆಗಿದ್ದಾರೆ. ಇಲ್ಲಿ ಗೋಡೌನ್‌ನಲ್ಲಿ ಇಟ್ಟು, ಗರಗಸದಲ್ಲಿ ಕೊಯ್ದು ಕಳಿಸಿದ ಮಾತ್ರಕ್ಕೆ ಅದು ಯುಎಇ ಮಾಲು ಆಗಲ್ಲ. ನನ್ನನ್ನೂ ಸರ್ಟಿಫಿಕೇಟ್ ಮಾಡಿಸಿಕೊಡು ಅಂತ ಕೇಳಿದ್ದಾರೆ. ದಯವಿಟ್ಟು ಕೇಳಬೇಡಿ.

ಪೀಣ್ಯ_ಟೂಲ್‌ರೂಮ್
ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಬೆಲೆ ವಿಷಯ ಒಂದು ಕೇಳಬೇಕು. ಜರ್ಮನಿಯವರ ಇನ್‌ವಾಯ್ಸ್‌ನಲ್ಲಿ ಎರಡು ಸಾಲು ಇದೆ. ಒಂದು ಲೋಹದ ಬೆಲೆ, ಎಲ್‌ಎಂಇ (ಲಂಡನ್ ಲೋಹ ಮಾರುಕಟ್ಟೆ) ಮೇಲೆ ನಿಂತಿದ್ದು. ಇನ್ನೊಂದು ರೋಲಿಂಗ್ ಚಾರ್ಜ್. ಕಟಿಂಗ್‌ಗೆ ಬೇರೆ ಬಿಲ್ ಕಳಿಸ್ತೀನಿ ಅಂದಿದ್ದಾರೆ. ಡ್ಯೂಟಿ ಯಾವುದರ ಮೇಲೆ?

ಲೆಕ್ಕದ_ಮೇಷ್ಟ್ರು
ಎಲ್ಲದರ ಮೇಲೆ. ಮಾಲು ನಿಮ್ಮ ಕೈಗೆ ಬರಲು ಮಾರಿದವನಿಗೆ ಕೊಟ್ಟಿದ್ದೆಲ್ಲ ಬೆಲೆಯೇ. ಕಟಿಂಗ್ ಬಿಲ್ ಬೇರೆ ಬಂದರೂ ಸೇರಿಸಿಯೇ ತೋರಿಸಿ. ಇಲ್ಲದಿದ್ದರೆ ಬ್ಯಾಂಕಿನಿಂದ ಹೋದ ದುಡ್ಡಿಗೂ ಬಿಲ್ ಆಫ್ ಎಂಟ್ರಿಗೂ ತಾಳೆ ಆಗುವುದಿಲ್ಲ. ಫ್ರೈಟ್ ಎಷ್ಟು ಅಂತ ಗೊತ್ತಾಗದೆ ಹೋದರೆ ಎಫ್‌ಒಬಿ (ಹಡಗು ಹತ್ತಿಸುವವರೆಗಿನ) ಬೆಲೆಯ 20% ಹಾಕುತ್ತಾರೆ, ಇನ್ಶೂರೆನ್ಸ್ ಗೊತ್ತಾಗದಿದ್ದರೆ 1.125%. ಸಮುದ್ರದಲ್ಲಿ ಬರುವ ತೂಕದ ಮಾಲಿಗೆ 20% ಫ್ರೈಟ್ ಅನ್ನುವುದು ದಂಡ ಇದ್ದ ಹಾಗೆ. ಫ್ರೈಟ್ ಬಿಲ್ ಮರೆಯದೆ ತರಿಸಿಕೊಳ್ಳಿ.

ಗುಜರಿ_ಗುಂಡಣ್ಣ
ನೀವೆಲ್ಲ ಪ್ಲೇಟ್‌ನವರು ಪುಣ್ಯವಂತರು, ಇನ್‌ವಾಯ್ಸ್ ಬೆಲೆ ನಡೆಯುತ್ತೆ. ಹಿತ್ತಾಳೆ ಸ್ಕ್ರ್ಯಾಪ್ ತರಿಸುವ ನಮಗೆ ಸರ್ಕಾರವೇ ಟನ್‌ಗೆ ಇಷ್ಟು ಡಾಲರ್ ಅಂತ ಟ್ಯಾರಿಫ್ ವ್ಯಾಲ್ಯೂ ಕಟ್ಟುತ್ತೆ. ನಾನು ಕಮ್ಮಿಗೆ ಕೊಂಡರೂ ಡ್ಯೂಟಿ ಅವರ ಬೆಲೆ ಮೇಲೆ. ಆ ನೋಟಿಫಿಕೇಶನ್‌ನಲ್ಲಿ ನಮ್ಮ ಜೊತೆ ಯಾರು ಯಾರು ಇದ್ದಾರೆ ಗೊತ್ತಾ? ಪಾಮ್ ಎಣ್ಣೆ, ಚಿನ್ನ, ಬೆಳ್ಳಿ, ಅಡಿಕೆ!

ಶೀಟ್‌ಮೆಟಲ್_ಸೀನ
ಅಡಿಕೆನಾ?? ತೀರ್ಥಹಳ್ಳಿ ಮಾವನಿಗೆ ಹೇಳ್ತೀನಿ ಇರಿ.

ತೋಟದ_ಮನೆ
ಹೌದು, ಅಡಿಕೆ ಇದೆ. ಹೊರಗಿನ ಅಗ್ಗದ ಅಡಿಕೆ ಬಂದು ಇಲ್ಲಿಯ ರೇಟ್ ಬೀಳಬಾರದು ಅಂತ. ಅಡಿಕೆ ಬೆಳೆಗಾರರ ಮೇಲೆ ಜೋಕ್ ಮಾಡುವ ಮೊದಲು ಕೊಳೆ ರೋಗದ ವರ್ಷ ಒಂದು ಸಲ ಬಂದು ನೋಡಿ. ಅಂದಹಾಗೆ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತ ಕೂಡ ತಾಮ್ರದ್ದೇ. ಅದು 74ರಲ್ಲಿ ಬರುತ್ತಾ?

ಭದ್ರಾವತಿ_ಮೆಟಲರ್ಜಿ
ಇಲ್ಲ. ಮೈಲುತುತ್ತ ರಾಸಾಯನಿಕ, ಸಲ್ಫೇಟ್‌ಗಳ ಜೊತೆ 2833ರಲ್ಲಿ ಇದೆ. 74 ಲೋಹಕ್ಕೆ ಮಾತ್ರ.

ಗುಜರಿ_ಗುಂಡಣ್ಣ
ಸ್ಕ್ರ್ಯಾಪ್‌ಗೆ ಬೇಸಿಕ್ 2021ರ ಬಜೆಟ್‌ನಲ್ಲಿ 5ರಿಂದ 2.5ಕ್ಕೆ ಇಳಿಸಿದರು. ಅದನ್ನೂ ಸೊನ್ನೆ ಮಾಡಿ ಅಂತ ಜಾಮ್‌ನಗರದ ಹಿತ್ತಾಳೆ ಪಾರ್ಟ್ಸ್‌ನವರು ಆಗ ಕೇಳುತ್ತಲೇ ಇದ್ದರು. 'ಪ್ಲೇಟ್ ಕಟ್ ಪೀಸ್ ಸ್ಕ್ರ್ಯಾಪ್ ಅಂತ ತರಿಸಿಬಿಡೋಣ' ಅಂತ ಯಾರಾದರೂ ಇಲ್ಲಿ ಐಡಿಯಾ ಕೊಡುವ ಮುಂಚೆ ಹೇಳ್ತೀನಿ: ಬಳಸೋಕೆ ಬರುವ ಪ್ಲೇಟ್ ಸ್ಕ್ರ್ಯಾಪ್ ಅಲ್ಲ. ಕಂಟೇನರ್ ಬಾಗಿಲು ತೆಗೆದ ಕೂಡಲೇ ಗೊತ್ತಾಗುತ್ತೆ.

ಕರಾವಳಿ_ಕಾರ್ಗೋ
ಮತ್ತೆ ವಿಷಯಕ್ಕೆ ಬರೋಣ. ಎನ್‌ಎಫ್‌ಎಂಐಎಂಎಸ್ ಯಾರೂ ಹೇಳಲಿಲ್ಲ! 2021ರ ಏಪ್ರಿಲ್‌ನಿಂದ ತಾಮ್ರ, ಅಲ್ಯೂಮಿನಿಯಮ್ ಇಂಪೋರ್ಟ್‌ಗೆ ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆ) ತಂದ ಆನ್‌ಲೈನ್ ನೋಂದಣಿ. ಮಾಲು ಬರುವ 60ನೇ ದಿನಕ್ಕಿಂತ ಮುಂಚೆ ಆಗಲ್ಲ, 5ನೇ ದಿನಕ್ಕಿಂತ ತಡವೂ ಆಗಬಾರದು ಅಂತ ನಿಯಮ ಮಾಡಿದ್ದರು. ಸಿಕ್ಕ ನಂಬರ್ 75 ದಿನ ನಡೆಯುತ್ತೆ. ಆ ಪಟ್ಟಿ ಎಂಟು ಅಂಕಿ ಕೋಡ್ ಮೇಲೆ ನಿಂತಿದೆ. ಒಂದು ಕೋಡ್‌ಗೆ ನಂಬರ್ ತಗೊಂಡು ಬಿಲ್ ಆಫ್ ಎಂಟ್ರಿಯಲ್ಲಿ ಇನ್ನೊಂದು ಕೋಡ್ ಹಾಕಿದರೆ ಮತ್ತೆ ಅದೇ ರಗಳೆ. ಸೀನ ಅವರೇ, ಕೇಳಿಸ್ತಾ?

ಬಿಐಎಸ್ ಕ್ವಾಲಿಟಿ ಕಂಟ್ರೋಲ್ ಆರ್ಡರ್ (ಐಎಸ್‌ಐ ಮಾರ್ಕ್ ಕಡ್ಡಾಯ ಮಾಡುವ ಸರ್ಕಾರಿ ಆದೇಶ) ಕೂಡ ಆರ್ಡರ್ ಕೊಡುವ ಮೊದಲೇ ನೋಡಿಕೊಳ್ಳಿ, ಮಾಲು ಹಡಗು ಹತ್ತಿದ ಮೇಲೆ ಅಲ್ಲ. ಮರದ ಪ್ಯಾಲೆಟ್ ಮೇಲೆ ಗೋಧಿ ತೆನೆ ಥರದ ಐಪಿಪಿಸಿ ಸೀಲ್ (ಮರಕ್ಕೆ ಕೀಟನಾಶದ ಚಿಕಿತ್ಸೆ ಆಗಿದೆ ಅನ್ನುವ ಗುರುತು) ಇರಬೇಕು ಅಂತ ಸಪ್ಲೈಯರ್‌ಗೆ ಒಂದು ಸಾಲು ಬರೆದುಬಿಡಿ. ಲಕ್ಷಗಟ್ಟಲೆ ಮಾಲು ಪ್ಯಾಲೆಟ್ ಹಲಗೆಗಾಗಿ ನಿಲ್ಲುವುದು ನೋಡಿದ್ದೇನೆ.

ಶೀಟ್‌ಮೆಟಲ್_ಸೀನ
ಕೇಳಿಸ್ತು ಮಾರಾಯ್ರೆ. ಆದರೆ ಒಂದು ಮಾತು. ಇಷ್ಟೆಲ್ಲ ಗೊತ್ತಿರಬೇಕಾದ್ದು ಸಿಎಚ್‌ಎಗೆ. ನಾವು ಫೀ ಕೊಡೋದು ಯಾಕೆ?

ವೈಟ್‌ಫೀಲ್ಡ್_ರಾಯರು
ನಮಗೆ ಇನ್‌ವಾಯ್ಸ್ ಸಿಗುವುದೇ ಕೊನೇ ಗಳಿಗೆಯಲ್ಲಿ. ವಿವರದ ಸಾಲಿನಲ್ಲಿ 'ಕಾಪರ್ ಅಲಾಯ್ ಪ್ಲೇಟ್, 1 ಲಾಟ್' ಅಂತ ಇರುತ್ತದೆ. ಗ್ರೇಡ್ ಇಲ್ಲ, ಅಳತೆ ಇಲ್ಲ. ಬಿಲ್ ಆಫ್ ಎಂಟ್ರಿಯನ್ನು ಮಾಲು ಬರುವ ಹಿಂದಿನ ದಿನದೊಳಗೆ ಹಾಕದಿದ್ದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000. ಅರ್ಜೆಂಟ್‌ನಲ್ಲಿ ಯಾವುದೋ ಕೋಡ್ ಬೀಳುವುದು ಹೀಗೆ. 2011ರಿಂದ ಸೆಲ್ಫ್ ಅಸೆಸ್‌ಮೆಂಟ್, ಕೋಡ್ ಮತ್ತು ಡ್ಯೂಟಿ ಇಂಪೋರ್ಟರೇ ಲೆಕ್ಕ ಹಾಕಿ ಘೋಷಿಸಬೇಕು. ಸಹಿ ನಮ್ಮದಾದರೂ ಹೊಣೆ ಇಂಪೋರ್ಟರ್‌ದು.

ಮತ್ತೆ ಈಗ ಫೇಸ್‌ಲೆಸ್. 2020ರ ಜೂನ್‌ನಲ್ಲಿ ಮೊದಲು ಶುರು ಮಾಡಿದ್ದೇ ನಮ್ಮ ಬೆಂಗಳೂರು ಮತ್ತು ಚೆನ್ನೈನಲ್ಲಿ. ಮಾಲು ವೈಟ್‌ಫೀಲ್ಡ್‌ನಲ್ಲಿ ಇರುತ್ತದೆ, ಕಾಗದ ನೋಡುವ ಆಫೀಸರ್ ಇನ್ನೆಲ್ಲೋ. ಎದುರು ಕೂತು ವಿವರಿಸುವ ಕಾಲ ಹೋಯಿತು. ಕಾಗದವೇ ಮಾತಾಡಬೇಕು. ಒಂದೊಂದು ಐಟಂಗೂ ಗ್ರೇಡ್, ದಪ್ಪ, ಅಗಲ, ಉದ್ದ, ಕಾಯಿಲ್ ಹೌದೋ ಅಲ್ಲವೋ, ಹೀಟ್ ನಂಬರ್ (ಕರಗಿಸಿದ ಬ್ಯಾಚ್ ಸಂಖ್ಯೆ), ಇಷ್ಟು ಇನ್‌ವಾಯ್ಸ್‌ನಲ್ಲೇ ಬರೆಸಿ. ಅದೇ ಹೀಟ್ ನಂಬರ್‌ನ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿ. ಅರ್ಧ ಕ್ವೆರಿ ಅಲ್ಲಿಗೇ ನಿಲ್ಲುತ್ತದೆ.

ಹೊಸೂರು_ಬೇರಿಂಗ್
ನನ್ನದೂ ಒಂದು ಡೌಟ್. ಉಕ್ಕಿನ ಪಟ್ಟಿ ಮೇಲೆ ಬ್ರಾಂಜ್ ಪದರ ಕೂರಿಸಿದ ಬೈಮೆಟಲ್ ಸ್ಟ್ರಿಪ್ ತರಿಸ್ತೀವಿ. ಕೆಲಸ ಮಾಡೋದು ಬ್ರಾಂಜ್, ಬೆಲೆ ಇರೋದೂ ಬ್ರಾಂಜ್‌ಗೆ. 7409 ತಾನೆ?

ಭದ್ರಾವತಿ_ಮೆಟಲರ್ಜಿ
ತೂಕ ಹಾಕಿ. 15ನೇ ವಿಭಾಗದಲ್ಲಿ ಎರಡು ಲೋಹ ಸೇರಿದ ಮಾಲಿಗೆ ಯಾವುದು ತೂಕದಲ್ಲಿ ಹೆಚ್ಚೋ ಅದೇ ಲೋಹದ ಅಧ್ಯಾಯ. ಬೈಮೆಟಲ್‌ನಲ್ಲಿ ಸಾಮಾನ್ಯವಾಗಿ ಉಕ್ಕೇ ಜಾಸ್ತಿ ತೂಗುತ್ತದೆ, ಹಾಗಾದರೆ 72. ಬೆಲೆ ಲೆಕ್ಕಕ್ಕಿಲ್ಲ.

ನಮ್ಮ ಬಿದರಿಯೂ ಇದೇ ಲೆಕ್ಕದ್ದು. ಅದರ ಲೋಹದಲ್ಲಿ 16 ಪಾಲು ಸತು, ತಾಮ್ರ 1 ಪಾಲು ಅಂತ ಹೇಳುತ್ತಾರೆ. ಆ ಮಿಶ್ರಣ ಲೋಹದ ಗಟ್ಟಿ (ಇಂಗಾಟ್) ರೂಪದಲ್ಲಿ ಬಂದರೆ ಸತುವಿನ ಅಧ್ಯಾಯ 79, ತಾಮ್ರದ್ದಲ್ಲ.

ಹೊಸೂರು_ಬೇರಿಂಗ್
ನಮ್ಮ ಸಿಎಚ್‌ಎ ಒಪ್ಪುತ್ತಿಲ್ಲ. ಪ್ರತಿ ತಿಂಗಳು ತರಿಸುವ ಮಾಲು, ಪ್ರತಿ ಸಲ ಜಗಳ.

ವೈಟ್‌ಫೀಲ್ಡ್_ರಾಯರು
ತಿಂಗಳು ತಿಂಗಳು ಬರುವ ಮಾಲಾದರೆ ಅಡ್ವಾನ್ಸ್ ರೂಲಿಂಗ್‌ಗೆ (ಕೋಡ್ ಬಗ್ಗೆ ಮುಂಚಿತ ತೀರ್ಪು) ಅರ್ಜಿ ಹಾಕಿ. ದೆಹಲಿ, ಮುಂಬೈನಲ್ಲಿ ಅದಕ್ಕೆ ಪ್ರಾಧಿಕಾರ ಇದೆ. ಫೀ 10,000. ಮೂರು ತಿಂಗಳಲ್ಲಿ ಉತ್ತರ ಕೊಡಬೇಕು, ಬಂದ ರೂಲಿಂಗ್ ಕೆಲವು ವರ್ಷ ನಡೆಯುತ್ತದೆ. ಒಂದೇ ಸಲ ತರಿಸುವವರಿಗೆ ಅಷ್ಟು ಬೇಡ. ಅನುಮಾನ ಇದ್ದರೆ ಪ್ರಾವಿಷನಲ್ (ತಾತ್ಕಾಲಿಕ) ಅಸೆಸ್‌ಮೆಂಟ್ ಕೇಳಿ, ಬಾಂಡ್ ಕೊಟ್ಟು ಮಾಲು ಬಿಡಿಸಿಕೊಳ್ಳಿ, ಸ್ಯಾಂಪಲ್ ಲ್ಯಾಬ್‌ಗೆ ಹೋಗಲಿ.

ಪೀಣ್ಯ_ಟೂಲ್‌ರೂಮ್
ಎಲ್ಲರಿಗೂ ದೊಡ್ಡ ನಮಸ್ಕಾರ. ಸಪ್ಲೈಯರ್‌ಗೆ ಮೇಲ್ ಹಾಕಿದೆ. ಬೆರಿಲಿಯಮ್ 7409 90, ಬ್ರಾಂಜ್ 7407 29, ಕ್ರೋಮ್ 7409 19, ಹಿತ್ತಾಳೆ 7409 29, ನಾಲ್ಕು ಸಾಲು ಬೇರೆ ಬೇರೆ ಬರೆಸುತ್ತಿದ್ದೇನೆ. ಜಪಾನ್ ಮಾಲಿಗೆ ಒರಿಜಿನ್ ವಿವರ ಕೊಡ್ತೀರಾ ಅಂತ ಕೇಳಿದ್ದೇನೆ, ಕೊಡದಿದ್ದರೆ ಪೂರ್ತಿ ಡ್ಯೂಟಿ ಕಟ್ಟಿ ನಿಶ್ಚಿಂತೆಯಾಗಿ ಇರ್ತೀನಿ.

ಹುಬ್ಬಳ್ಳಿ_ವಾಲ್ವ್ಸ್
ಛಲೋ ಆತು. ಕೋಡ್ ಬಿಡ್ರಿ, ಆ ಬೆರಿಲಿಯಮ್ ಕಾಪರ್‌ನ ಒಣ ಗ್ರೈಂಡಿಂಗ್ ಮಾಡಸ್ಬ್ಯಾಡ್ರಿ. ಅದರ ಧೂಳು ಪುಪ್ಪುಸಕ್ಕ ಭಾಳ ಕೆಟ್ಟದ್ದು. ಕೂಲಂಟ್ ಹಾಕಿ ಮಾಡ್ರಿ, ಧೂಳು ಎಳಿಯೋ ಎಕ್ಸಾಸ್ಟ್ ಇರಲಿ, ಗಾಳಿ ಹೊಡೆದು ಟೇಬಲ್ ಕ್ಲೀನ್ ಮಾಡೋ ಚಟ ನಿಲ್ಲಸ್ರಿ. ಚೂರು ಪಾರು ಬ್ಯಾರೆ ಡ್ರಮ್ಮಿನಾಗ ಇಡ್ರಿ.

ಗುಜರಿ_ಗುಂಡಣ್ಣ
ಹೌದು, ಆ ಡ್ರಮ್ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೀರಿ. ಹಿತ್ತಾಳೆ ಚೂರಿನ ಜೊತೆ ಸೇರಿಸಿ ನಮಗೆ ಕೊಟ್ಟರೆ ಕರಗಿಸುವ ಹುಡುಗರಿಗೆ ಗೊತ್ತೇ ಆಗಲ್ಲ.

ಶೀಟ್‌ಮೆಟಲ್_ಸೀನ
ಕೊನೇ ಪ್ರಶ್ನೆ. ಮನೆ ಬಾಗಿಲಿಗೆ ಹಾಕೋ ಹಿತ್ತಾಳೆ ನೇಮ್ ಪ್ಲೇಟ್, ಹೆಸರು ಕೆತ್ತಿದ್ದು, ಹೊರಗಿನಿಂದ ತರಿಸಿದರೆ? ಅದೂ ಪ್ಲೇಟೇ. ದಪ್ಪ 3, ಅಗಲ 150, ಹತ್ತನೇ ಒಂದು ಭಾಗದ ಒಳಗೇ ಇದೆ. 7409 29 ತಾನೆ?

ವೈಟ್‌ಫೀಲ್ಡ್_ರಾಯರು
8310. ಹೆಸರು ಕೆತ್ತಿದ ಮೇಲೆ ಅದು ನಾಮಫಲಕ. ಆದರೆ ನಿಮ್ಮ ಹೆಸರು ಕೆತ್ತಿಸೋಕೆ ಇಂಪೋರ್ಟ್ ಯಾಕ್ರೀ, ಅವೆನ್ಯೂ ರೋಡ್‌ಗೆ ಹೋಗಿ.